ನನ್ನ ಪಾಲಿಗೆ ಬಂದ ಉರ್ದು ಪೆಟ್ಟಿಗೆ

ಮನೆಯಲ್ಲಿ ಉರ್ದು ಮಾತಾಡುವವರಿಗೆಲ್ಲ ಉರ್ದು ಓದಲು ಬರುತ್ತದೆ ಎಂದು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ ಕಾಣೆ. ನನ್ನ ಅಬ್ಬಾ ಗುಂಡ್ಲುಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆ ಹತ್ತಿರ ಇದ್ದದ್ದು ಕನ್ನಡ ಶಾಲೆ. ನಾನು ಓದಿದ್ದು ಅಲ್ಲೇ. ನಮಾಜಿನ ಮಾತುಗಳನ್ನು ದಾದಿ, ಅಂದರೆ ಅಬ್ಬಾನ ಅಮ್ಮ, ಬಾಯಿಪಾಠ ಮಾಡಿಸಿದ್ದರು, ಅಷ್ಟೇ.

ಐವತ್ತರ ದಶಕದ ನಡುವೆ ಚಾಮರಾಜನಗರದಲ್ಲಿ ಲೈಬ್ರರಿ ಕೆಲಸದ ತರಬೇತಿ ನಡೆಯಿತು. ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡು ನಾನೂ ಸೇರಿದೆ. ಹತ್ತು ಜನರಲ್ಲಿ ಹೆಂಗಸು ನಾನೊಬ್ಬಳೇ, ಸಾಬರ ಮನೆಯವಳೂ ನಾನೊಬ್ಬಳೇ. ಮುಗಿಸಿದರೆ ಗುಂಡ್ಲುಪೇಟೆಯ ವಾಚನಾಲಯದಲ್ಲಿ ಕೆಲಸ ಸಿಗಬಹುದಿತ್ತು. ಮೇಜಿನ ಹಿಂದೆ ಕೂತು ಕನ್ನಡ ಕಾದಂಬರಿಗಳನ್ನು ಓದುಗರ ಕೈಗೆ ಕೊಡುವ ಆಸೆ ನನಗೆ ಹುಚ್ಚೇ ಹಿಡಿಸಿತ್ತು.

ಮೊದಲ ದಿನವೇ ಮೇಷ್ಟ್ರು ಒಂದು ತಗಡಿನ ಪೆಟ್ಟಿಗೆ ತರಿಸಿದರು. ಊರಿನವರು ಯಾರೋ ಕೊಟ್ಟ ಉರ್ದು ಪುಸ್ತಕಗಳು. "ಲೈಬ್ರರಿ ಎಲ್ಲಾ ಜನಕ್ಕೂ ಸೇರಿದ್ದು. ಇದು ನಿನ್ನ ಜವಾಬ್ದಾರಿ ಕಣಮ್ಮ," ಎಂದರು. ಒಳ್ಳೆಯ ಮನುಷ್ಯ, ಮುಖದ ತುಂಬ ನಗು. ಬರುವುದಿಲ್ಲ ಎಂದರೆ ಸೀಟು ಹೋದೀತೆಂದು ಹೆದರಿ ತಲೆಯಾಡಿಸಿಬಿಟ್ಟೆ. ಥೂ, ನನ್ನ ಹೇಡಿತನಕ್ಕಿಷ್ಟು!

ಉಳಿದವರು ಮುಂದಿನ ಕೋಣೆಯಲ್ಲಿ ಕಾರ್ಡು ಬರೆಯುವುದು, ಓದುಗರನ್ನು ವಿಚಾರಿಸುವುದು ಕಲಿಯುತ್ತಿದ್ದರು. ನಾನು ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ, ಹೆಸರೇ ಗೊತ್ತಾಗದ ಪುಸ್ತಕಗಳನ್ನು ಗಾತ್ರ ನೋಡಿ ಜೋಡಿಸುತ್ತ ಉಸಿರುಕಟ್ಟಿ ಕೂತಿರುತ್ತಿದ್ದೆ. "ನಿಂಗೇನ್ ಬುಡಮ್ಮಿ, ಆರಾಮಾಗಿ ಕುಂತಿದ್ದೀಯ," ಎಂದು ತೆರಕಣಾಂಬಿಯ ಪಟೇಲರ ಮಗ ರೇಗಿಸುತ್ತಿದ್ದ. ಅವನ ಕೈಯ ಕಾರ್ಡುಗಳನ್ನು ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ, ಕಣ್ಣಿಗೆ ಪೊರೆ ಬಂದ ಮುದಿ ದರ್ಜಿಯೊಬ್ಬರು ಗೋಡೆ ಹಿಡಿದುಕೊಂಡು ಬಂದರು. ಉರ್ದು ಬಲ್ಲವಳೊಬ್ಬಳು ಇದ್ದಾಳೆಂದು ಯಾರೋ ಹೇಳಿದ್ದರಂತೆ. "ಬೇಟಿ, ಯಾವುದಾದರೂ ಕಥೆ ಓದು," ಎಂದು ಉರ್ದುವಿನಲ್ಲಿ ಕೇಳಿದರು. ಮೇಷ್ಟ್ರು ಹೆಮ್ಮೆಯಿಂದ ಬಾಗಿಲಲ್ಲಿ ನಿಂತರು. ಯಾ ಅಲ್ಲಾ! ಕೈಗೆ ಸಿಕ್ಕ ಪುಸ್ತಕ ಬಿಡಿಸಿ, ದಾದಿ ಹೇಳುತ್ತಿದ್ದ ಕಥೆಯೊಂದನ್ನು ಓದುವವಳ ಹಾಗೆ ಹೇಳಿದೆ. ನಡುನಡುವೆ ಹಾಳೆಯನ್ನೂ ಮಗುಚಿದೆ. ಮುದುಕರು ಕಣ್ಣೊರೆಸಿಕೊಂಡರು. ಮಾರನೆಯ ದಿನ ಅಕ್ಷರ ಬಾರದ ಇನ್ನಿಬ್ಬರನ್ನು ಜೊತೆಗೆ ಕರೆತಂದರು. ಆಮೇಲೆ ದಿನಕ್ಕೊಂದು ಕಥೆ, ದಿನಕ್ಕೊಂದು ಸುಳ್ಳು. ನನಗೆ ಅನ್ನ ಸೇರದಾಯಿತು.

ಕೊನೆಯ ವಾರ ಮೇಷ್ಟ್ರು ಎಲ್ಲರೆದುರು ಸಂಭ್ರಮದಿಂದ ಹೇಳಿದರು: "ನಿನ್ನನ್ನ ಇಲ್ಲೇ ಉರ್ದು ಪುಸ್ತಕಗಳಿಗೆ ಹಾಕಿ ಅಂತ ಮೇಲಕ್ಕೆ ಬರೆದಿದ್ದೀನಿ ಕಣಮ್ಮ."

ಜೀವಮಾನವೆಲ್ಲ ಆ ಪೆಟ್ಟಿಗೆಯ ಮುಂದೆ! ತಡೆಯಲಾರದೆ ಬಾಯಿಬಿಟ್ಟೆ: "ಸಾರ್, ನನಗೆ ಉರ್ದು ಅಕ್ಷರ ಬರಲ್ಲ. ಇಷ್ಟು ದಿನ ಓದಿದ್ದೆಲ್ಲ ಬಾಯಲ್ಲಿ ಕಟ್ಟಿದ್ದು. ನನ್ನನ್ನ ಗುಂಡ್ಲುಪೇಟೆಗೆ ಕಳಿಸಿ ಸಾರ್, ಕನ್ನಡ ಪುಸ್ತಕ ಕೊಟ್ಕೊಂಡು ಇರ್ತೀನಿ."

ಸುಳ್ಳಿಗೆ ಉಗಿಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಉಗಿಯಲಿಲ್ಲ. ನಿಜಕ್ಕೂ ಅರ್ಥವಾಗದೆ ನನ್ನನ್ನೇ ನೋಡಿದರು. ಆಮೇಲೆ ಆ ಒಂಬತ್ತು ಜನರತ್ತ ಕೈ ತೋರಿಸಿ, "ಕನ್ನಡಕ್ಕೆ ಇವರೆಲ್ಲ ಇದ್ದಾರಲ್ಲಮ್ಮ?" ಎಂದರು.