ಅಕ್ಕನ ಎರಡು ಆಸೆ

ಆ ವರ್ಷದ ಮೊದಲ ದಿನವೇ ಅಕ್ಕನ ಡಯಾಲಿಸಿಸ್ ಇತ್ತು. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಏಳಕ್ಕೆ ನಾವು ಮಣಿಪಾಲದಲ್ಲಿ ಇರಬೇಕು. ಹಬ್ಬವಿರಲಿ, ಬಂದ್ ಇರಲಿ, ಹೊಸ ವರ್ಷವಿರಲಿ, ಅದು ತಪ್ಪುವಂತಿಲ್ಲ. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಎದ್ದವಳು ಹಿಂಡಿದ ಬಟ್ಟೆಯ ಹಾಗಿರುತ್ತಿದ್ದಳು. ಮಣಿಪಾಲದಿಂದ ಉಡುಪಿಗೆ, ಉಡುಪಿಯಿಂದ ಕಾಪುವಿಗೆ, ಎರಡು ಬಸ್ಸುಗಳಲ್ಲೂ ಅವಳಿಂದ ಒಂದು ಮಾತು ಬರುತ್ತಿರಲಿಲ್ಲ. ಆ ದಿನ ಮಾತ್ರ ಉಡುಪಿ ನಿಲ್ದಾಣದಲ್ಲಿ, ಬಸ್ಸು ಹೊರಡುವುದನ್ನು ಕಾಯುತ್ತ ಕೂತಿದ್ದಾಗ, ತಾನಾಗಿಯೇ ಹೇಳಿದಳು.

“ಈ ವರ್ಷ ನನಗೆ ಎರಡು ಆಸೆ ಉಂಟು. ನೀನು ನಗಬಾರದು.”

ಮೊದಲನೆಯದು, ಸಮುದ್ರದಿಂದ ಸೂರ್ಯ ಏಳುವುದನ್ನು ನೋಡಬೇಕು. ಅವಳು ಹುಟ್ಟಿದ್ದು, ಮದುವೆಯಾಗಿ ಹೋದದ್ದು, ಈಗ ನನ್ನ ಜೊತೆ ಇರುವುದು ಎಲ್ಲವೂ ಕಡಲ ಬದಿಯಲ್ಲೇ. ಆದರೆ ನಮ್ಮ ಕಡಲಿಗೆ ಸೂರ್ಯ ಇಳಿಯುವುದು ಮಾತ್ರ ಗೊತ್ತು. ಮದ್ರಾಸಿಗೆ ಹೋದರೆ ಏಳುವುದೂ ಕಾಣುತ್ತದಂತೆ, ಪಕ್ಕದ ಹಾಸಿಗೆಯವರು ಹೇಳಿದರು ಎಂದಳು. ಎರಡನೆಯದು, ಮನೆಗೆ ನಾಲ್ಕು ಜನರನ್ನು ಕರೆದು ಊಟ ಹಾಕಬೇಕು.

ನಾನು ನಗಲಿಲ್ಲ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಮತ್ತು ಹೊಲಿಗೆ ಯಂತ್ರದೊಂದಿಗೆ ನನ್ನ ಮನೆಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ, ನಾನು ಮದುವೆಯಾಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಅವಳು ಕಾಪುವಿನ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಭಾನುವಾರ ಬಂತೆಂದರೆ ಯಾರಾದರೂ ಊಟಕ್ಕಿರಬೇಕು ಅವಳಿಗೆ. ನನ್ನ ಸಹೋದ್ಯೋಗಿಗಳೋ, ರವಿಕೆ ಅಳತೆ ಕೊಡಲು ಬಂದವರೋ, ಯಾರಾದರೂ ಆಗುತ್ತದೆ. ಕಾಲು ಬಾತುಕೊಂಡಾಗ ಹೊಲಿಗೆ ಯಂತ್ರ ತುಳಿದು ತುಳಿದು ಹಾಗಾಗಿದೆ ಎಂದುಕೊಂಡೆವು. ಮಳೆಗಾಲದ ಒಂದು ದಿನ ಉಸಿರು ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಎರಡೂ ಮೂತ್ರಪಿಂಡ ನಿಂತುಹೋಗಿವೆ ಎಂದರು. ದಿನಾ ಜೊತೆಗೇ ಇದ್ದ ನನಗೆ ಅದು ಕಂಡಿರಲಿಲ್ಲ.

ಆಮೇಲೆ ವಾರದ ಆ ಮೂರು ದಿನ ಶಾಲೆಯವರು ನನ್ನ ಪಾಠಗಳನ್ನು ಮಧ್ಯಾಹ್ನಕ್ಕೆ ಹಾಕಿಕೊಟ್ಟರು. ಊಟಕ್ಕೆ ಜನ ಬರುವುದು ನಿಂತಿತು. ಬರುವವರು ಹತ್ತು ನಿಮಿಷ ಕೂತು, ಬಾಳೆಹಣ್ಣು, ಕಿತ್ತಳೆ, ಎಳನೀರು ಇಟ್ಟು ಹೋಗುತ್ತಿದ್ದರು. ಅವಳು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದೇ ಆ ಮೂರನ್ನು. ಅವರೆದುರು ಏನೂ ಹೇಳದೆ, ಅವರು ಗೇಟು ದಾಟಿದ ಮೇಲೆ ಎಲ್ಲವನ್ನೂ ಪಕ್ಕದ ಮನೆಗೆ ಕಳಿಸುತ್ತಿದ್ದಳು.

ನನಗೂ ಒಂದು ಆಸೆ ಇತ್ತು. ಅಕ್ಕನಿಗೆ ಹೇಳಿರಲಿಲ್ಲ. ಜನವರಿ ಎರಡನೇ ವಾರ ಶಾಲೆಗೆ ರಜೆ ಹಾಕಿ ಮಣಿಪಾಲಕ್ಕೆ ಒಬ್ಬಳೇ ಹೋದೆ. ನನ್ನ ಒಂದು ಮೂತ್ರಪಿಂಡ ಅಕ್ಕನಿಗೆ ಕೊಡಬೇಕು, ಏನೇನು ಪರೀಕ್ಷೆ ಉಂಟೋ ಮಾಡಿ ಎಂದೆ. ರಕ್ತದ ಗುಂಪು ಸರಿಯಿತ್ತು. ಅಷ್ಟಕ್ಕೇ ಎದೆ ಹಗುರಾಗಿ, ಹೊರಗಿನ ಕ್ಯಾಂಟೀನಿನಲ್ಲಿ ಎರಡು ಬನ್ಸ್ ತಿಂದು ಸಕ್ಕರೆ ಹಾಕಿದ ಚಹಾ ಕುಡಿದೆ. ನಾಲ್ಕು ದಿನದ ಮೇಲೆ ಉಳಿದ ವರದಿಗಳನ್ನು ನೋಡಿದ ಡಾಕ್ಟರು ನನ್ನನ್ನೇ ನೋಡಿದರು. “ಟೀಚರ್, ನಿಮಗೆ ಶುಗರ್ ಉಂಟು. ಸುಮಾರು ವರ್ಷದಿಂದ ಇರಬೇಕು. ಗೊತ್ತಿರಲಿಲ್ವಾ?”

ಕೊಡುವಂತಿಲ್ಲ ಎಂದು ಅವರು ಬಹಳ ಮೆದುವಾಗಿ ವಿವರಿಸಿದರು. ನಾನು ತಲೆಯಾಡಿಸುತ್ತಲೇ ಇದ್ದೆ. ಮನೆಗೆ ಬಂದು ಹೇಳಲೇಬೇಕಾಯಿತು, ಯಾಕೆಂದರೆ ಮಾತ್ರೆಯ ಚೀಟಿ ಕೈಯಲ್ಲಿತ್ತು. ಕೇಳದೆ ಹೋದದ್ದಕ್ಕೆ ಅಕ್ಕ ಬೈಯಬಹುದು ಎಂದುಕೊಂಡಿದ್ದೆ. ಅವಳು ಎದ್ದು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟಳು. ಡಯಾಲಿಸಿಸ್ ಸೂಜಿ ಚುಚ್ಚುವ, ಭಾರ ಎತ್ತಬಾರದ ಎಡಗೈಯಲ್ಲೇ ಎತ್ತಿದಳು.

ಹಾಗಾಗಿ ಮದ್ರಾಸಿನ ಪ್ರಯಾಣವನ್ನಾದರೂ ಮಾಡಿಸಿಯೇ ತೀರಬೇಕೆಂದು ನಾನು ಹಟ ಹಿಡಿದೆ. ಶುಕ್ರವಾರದ ಡಯಾಲಿಸಿಸ್ ಮುಗಿದರೆ ಸೋಮವಾರದವರೆಗೆ ಬಿಡುವು. ಶುಕ್ರವಾರ ಸಂಜೆ ನಾಲ್ಕಕ್ಕೆ ಮಂಗಳೂರಿನಲ್ಲಿ ರೈಲು ಹತ್ತಿದರೆ ಶನಿವಾರ ಬೆಳಿಗ್ಗೆ ಅಲ್ಲಿ. ಭಾನುವಾರ ಬೆಳಿಗ್ಗೆ ಸಮುದ್ರ, ಸಂಜೆ ಮತ್ತೆ ರೈಲು. ಸೋಮವಾರ ಮಧ್ಯಾಹ್ನ ಮಂಗಳೂರಿಗೆ ಬಂದವಳು ನೇರ ಮಣಿಪಾಲಕ್ಕೆ. ಡಾಕ್ಟರು ಒಪ್ಪಿದರು, ನೀರು ಮಾತ್ರ ಜಾಗ್ರತೆ, ಹೆಚ್ಚು ಕುಡಿದರೆ ಮೈಯಲ್ಲೇ ನಿಲ್ಲುತ್ತದೆ ಎಂದರು. ನಮ್ಮ ವಾರ್ಡಿನ ಸಿಸ್ಟರ್, ಕಾರ್ಕಳದ ಹುಡುಗಿ, ಸೋಮವಾರದ ಪಾಳಿಯನ್ನು ಸಂಜೆಗೆ ಬದಲಾಯಿಸಿಕೊಟ್ಟಳು. ಸಮುದ್ರದಂಡೆಗೆ ಹತ್ತಿರದ ಒಂದು ಲಾಡ್ಜನ್ನು ಫೋನಿನಲ್ಲೇ ಗೊತ್ತು ಮಾಡಿದೆ. ಅಕ್ಕ ತನಗೊಂದು ಹೊಸ ರವಿಕೆ ಹೊಲಿದುಕೊಂಡಳು. ಕಾಯಿಲೆ ಬಿದ್ದ ಮೇಲೆ ತನಗಾಗಿ ಹೊಲಿದದ್ದು ಅದೊಂದೇ. ತುಂಬು ತೋಳಿನದು, ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ ಕಾಣಬಾರದೆಂದು.

ಫೆಬ್ರವರಿಯ ಆ ಶುಕ್ರವಾರ ಚೀಲಗಳನ್ನು ಹಿಡಿದುಕೊಂಡೇ ಮಣಿಪಾಲಕ್ಕೆ ಹೋದೆವು. ಡಯಾಲಿಸಿಸ್ ಶುರುವಾದ ಮೂರನೇ ಗಂಟೆಯಲ್ಲಿ ಸಿಸ್ಟರ್ ಓಡಿದ್ದು ಗಾಜಿನಾಚೆಯಿಂದ ಕಂಡಿತು. ಅಕ್ಕನ ರಕ್ತದೊತ್ತಡ ಇಳಿದುಹೋಗಿತ್ತು. ಹಾಸಿಗೆಯ ಕಾಲ ಬದಿಯನ್ನು ಎತ್ತರಿಸಿದರು, ಯಂತ್ರ ನಿಲ್ಲಿಸಿದರು. ನನ್ನನ್ನು ಒಳಗೆ ಬಿಟ್ಟಾಗ ಅವಳ ತುಟಿ ಬಿಳಚಿಕೊಂಡಿತ್ತು. ಇವತ್ತು ಎಲ್ಲಿಗೂ ಹೋಗುವುದು ಬೇಡ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು.

ನಾನು ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತೆ. ಎದುರು ಗೋಡೆಯ ಗಡಿಯಾರದಲ್ಲಿ ಎರಡಾಯಿತು, ಮೂರಾಯಿತು. ನಾಲ್ಕೂವರೆಗೆ ಅಕ್ಕ ಕಣ್ಣು ತೆರೆದಳು.

“ರೈಲು ಹೋಯ್ತಾ?”

“ಹೋಯ್ತು.”

“ನಿನಗೆ ಬೇಜಾರು ಮಾಡಿದೆ, ಅಲ್ವಾ?”

ಅವಳು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಳು. ನಾನು ಅವಳ ಹೊದಿಕೆಯನ್ನು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು. ಎರಡು ವಾರ ಬಿಟ್ಟು ಮತ್ತೆ ಪ್ರಯತ್ನಿಸೋಣ ಎಂದಾಗ ಅವಳು ಬೇಡ ಎಂದಳು. ರೈಲಿನಲ್ಲಿ ಹೀಗಾದರೆ ನೀನೊಬ್ಬಳೇ ಏನು ಮಾಡುತ್ತೀ ಎಂದು ಕೇಳಿದಳು.

ಊಟದ ವಿಷಯ ಮಾತ್ರ ಅವಳು ಬಿಡಲಿಲ್ಲ. ಮಾರ್ಚಿನ ಒಂದು ಭಾನುವಾರ ಗೊತ್ತಾಯಿತು. ಯಾರನ್ನು ಕರೆಯುವುದೆಂದು ಕೇಳಿದಾಗ, ಅವಳು ನೆಂಟರ ಹೆಸರನ್ನಾಗಲೀ ಹಳೆಯ ಗಿರಾಕಿಗಳ ಹೆಸರನ್ನಾಗಲೀ ಹೇಳಲಿಲ್ಲ. ತನ್ನ ಎಡಬಲದ ಹಾಸಿಗೆಯವರನ್ನು ಕರೆಯಬೇಕೆಂದಳು. ಒಂದು ಬದಿಗೆ ಸಂತೆಕಟ್ಟೆಯ ಕೊಂಕಣಿ ಹೆಂಗಸು. ಗಂಡ ಕುವೈತಿನಲ್ಲಿ ದುಡಿದು ವಾಪಸು ಬಂದ ವರ್ಷವೇ ಆಕೆಗೆ ಕಾಯಿಲೆ ಶುರುವಾಗಿತ್ತು. ಇನ್ನೊಂದು ಬದಿಗೆ ಹೆಜಮಾಡಿಯವರು, ಮೂವತ್ತು ವರ್ಷ ಬೋಟಿನಲ್ಲಿ ಮೀನಿಗೆ ಹೋದವರು. ಮದ್ರಾಸಿನ ಕಡಲ ಸುದ್ದಿ ಹೇಳಿದ್ದು ಅವರೇ. ಗಂಡ ಹೆಂಡತಿಯರು ಸೇರಿ ನಾಲ್ವರು, ಜೊತೆಗೆ ಕಾರ್ಕಳದ ಸಿಸ್ಟರ್.

ಅಂಥವರಿಗೆ ಅಡುಗೆ ಮಾಡುವುದೆಂದರೆ ನಾನು ಅದುವರೆಗೆ ಮಾಡಿದ ಅಡುಗೆಯಲ್ಲ. ಸೋರೆಕಾಯಿಯನ್ನು ಹೆಚ್ಚಿ, ಅದರ ಲವಣ ಇಳಿಯಲೆಂದು ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಬೇಯಿಸಿ, ಆ ನೀರನ್ನೂ ಚೆಲ್ಲಬೇಕು. ತೆಂಗಿನಕಾಯಿ ಹೆಸರಿಗಷ್ಟೇ, ಉಪ್ಪು ಚಿಟಿಕೆ. ಅಕ್ಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಒಂದೊಂದನ್ನೂ ಹೇಳಿಕೊಟ್ಟಳು. ನೀರುದೋಸೆ, ಕೋಳಿ, ಹುರಿದ ಬಂಗುಡೆ. ಕಾಯಿಲೆ ಇಲ್ಲದವರಿಗೆಂದು ಉಪ್ಪನ್ನು ಬೇರೆ ಬಟ್ಟಲಿನಲ್ಲಿ ಇಟ್ಟೆವು. ಯಾರೂ ಅದನ್ನು ಮುಟ್ಟಲಿಲ್ಲ.

ಬಂದವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ವಾರ್ಡಿನಲ್ಲಿ ಒಂದೇ ಬಗೆಯ ಹೊದಿಕೆಯ ಕೆಳಗೆ ನೋಡಿದವರನ್ನು ಹಾಗೆ ನೋಡುವಾಗ ಮೊದಲು ಸ್ವಲ್ಪ ನಾಚಿಕೆಯಾಯಿತು. ಮದ್ರಾಸಿಗೆಂದು ಹೊಲಿದ ರವಿಕೆಯನ್ನು ಅಕ್ಕ ಅವತ್ತು ತೊಟ್ಟಿದ್ದಳು. ತುಳು, ಕೊಂಕಣಿ, ಕನ್ನಡ ಮೂರರಲ್ಲೂ ಮಾತು ನಡೆಯಿತು. ಹೆಜಮಾಡಿಯವರು ಬಂಗುಡೆಯ ಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿ ತೋರಿಸಿದರು. ಸಂತೆಕಟ್ಟೆಯ ಹೆಂಗಸು ನಗುತ್ತ ನಗುತ್ತ ಕೆಮ್ಮಿದಳು. ಅಕ್ಕನ ಮುಖ ಹಳೆಯ ಭಾನುವಾರಗಳಲ್ಲಿ ಇರುತ್ತಿದ್ದ ಹಾಗೇ ಇತ್ತು.

ಬೇಸಗೆಯ ಮಧ್ಯಾಹ್ನ. ಫ್ಯಾನಿನಿಂದ ಬಿಸಿ ಗಾಳಿ ಬರುತ್ತಿತ್ತು. ಕಾಯಿಲೆಯ ಮೂವರಿಗೂ ನಾನು ಚಿಕ್ಕ ಲೋಟದಲ್ಲಿ ನೂರು ಮಿಲಿ ನೀರು ಅಳೆದು ಇಟ್ಟಿದ್ದೆ. ಹೆಜಮಾಡಿಯವರದು ಮೊದಲ ತುತ್ತಿಗೇ ಖಾಲಿಯಾಗಿತ್ತು. ಊಟ ಮುಗಿಯುತ್ತ ಬಂದಾಗ ಅವರು ಲೋಟವನ್ನು ನನ್ನ ಕಡೆಗೆ ಸರಿಸಿದರು.

“ಟೀಚರೇ, ಒಂದು ಲೋಟ ನೀರು ಕೊಡಿ. ದೊಡ್ಡ ಲೋಟದಲ್ಲಿ.”

ಎದುರಿಗೆ ಕೂತ ಅವರ ಹೆಂಡತಿ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದರು. ನಾನು ಚೆಂಬು ಹಿಡಿದು ನಿಂತೆ. ಅವತ್ತಿನ ಪಾಲು ಮುಗಿದಿದೆ ಎಂದು ಹೇಳಬಹುದಿತ್ತು. ಆದರೆ ಮನೆಗೆ ಊಟಕ್ಕೆ ಕರೆದವರಿಗೆ ನೀರು ಇಲ್ಲವೆನ್ನುವುದು ಹೇಗೆ? ಸಿಸ್ಟರ್ ಹೇಳಲಿ ಎಂದು ಅವಳ ಕಡೆ ನೋಡಿದೆ. ವಾರಕ್ಕೆ ಮೂರು ಸಲ ಅವರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಗದರುವ ಹುಡುಗಿ ತಟ್ಟೆಯಲ್ಲಿದ್ದ ದೋಸೆಯನ್ನು ಬಹಳ ಹೊತ್ತು ಮಡಿಚುತ್ತಿದ್ದಳು.

“ಕೊಡು ಮಾರಾಯ್ತಿ,” ಎಂದಳು ಅಕ್ಕ. “ಅವರು ಕೇಳಿದ್ದು ನೀರು ಮಾತ್ರ.”

ಕೊಟ್ಟೆ. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಕುಡಿದರು. ಅಕ್ಕ ಮತ್ತು ಸಂತೆಕಟ್ಟೆಯ ಹೆಂಗಸು ಅವರ ಗಂಟಲನ್ನೇ ನೋಡುತ್ತಿದ್ದರು. ಕುಡಿದು ಮುಗಿಸಿ, ಇಂಥ ಊಟ ಮಾಡದೆ ಎಷ್ಟು ದಿನ ಆಯಿತೋ ಎಂದು ಅವರು ಅಕ್ಕನಿಗೆ ಕೈಮುಗಿದರು.

ಸೋಮವಾರ ಅವರ ತೂಕ ಸಿಕ್ಕಾಪಟ್ಟೆ ಏರಿತ್ತು. ಸಿಸ್ಟರ್ ಎಂದಿನಂತೆ ಗದರಿದಳು, ಅವರು ಎಂದಿನಂತೆ ನಕ್ಕರು. ಏನೂ ಆಗಲಿಲ್ಲ. ಆದರೆ ಏಪ್ರಿಲ್ ಕೊನೆಯ ಬುಧವಾರ ನಾವು ಹೋದಾಗ ಅವರ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಅಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಅಕ್ಕ ಆ ಕಡೆ ಒಮ್ಮೆ ನೋಡಿ, ಎಡಗೈ ಚಾಚಿ ಮಲಗಿದಳು. ಹೆಜಮಾಡಿಯವರಿಗೆ ಮಂಗಳವಾರ ಬೆಳಿಗ್ಗೆ ಮನೆಯಲ್ಲೇ ಹೃದಯ ನಿಂತಿತಂತೆ. ಹೊರಗೆ ನಾನು ಸಿಸ್ಟರನ್ನು ಹಿಡಿದು ನಿಲ್ಲಿಸಿ, ಅವತ್ತಿನ ನೀರಿನಿಂದ ಏನಾದರೂ ಹೀಗಾಯಿತಾ ಎಂದು ಕೇಳಿದೆ. ಅದಾಗಿ ಒಂದು ತಿಂಗಳಾಯಿತಲ್ಲ ಟೀಚರ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಳು. ಹಾಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ನಾನು ಅವಳ ಮಾತನ್ನು ನಂಬುತ್ತೇನೆ. ಆದರೂ ಆ ಚೆಂಬನ್ನು ತೊಳೆಯುವಾಗಲೆಲ್ಲ ಕೈ ನಿಧಾನವಾಗುತ್ತದೆ.

ಅವರ ಹೆಂಡತಿಯನ್ನು ನೋಡಲು ಹೆಜಮಾಡಿಗೆ ಹೋಗಿದ್ದೆವು. ಆಕೆ ಅಳುತ್ತಿರಲಿಲ್ಲ. ಗಂಡ ಆ ಊಟದ ಸುದ್ದಿಯನ್ನು ಕೇರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ. ನಮ್ಮನ್ನೂ ಒಂದು ಭಾನುವಾರ ಕರೆಯಬೇಕೆಂದು ಅವರಿಗಿತ್ತು ಎಂದು ಹೇಳಿ, ಆಕೆ ನಮಗೆ ಕುಡಿಯಲು ಏನು ಕೊಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತರು. ಅಕ್ಕ ಆಕೆಯನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಏನೂ ಕುಡಿಯದೆಯೇ ನಾವು ಹೊರಟೆವು.

ಜೂನಿನಲ್ಲಿ ಅಕ್ಕನ ಹೆಸರನ್ನು ಮೂತ್ರಪಿಂಡಕ್ಕಾಗಿ ಕಾಯುವವರ ಪಟ್ಟಿಗೆ ಸೇರಿಸಿದೆವು. ಎಲ್ಲೋ ಯಾರೋ ತೀರಿಕೊಂಡು, ಅವರ ಮನೆಯವರು ಒಪ್ಪಿ, ರಕ್ತದ ಗುಂಪು ಕೂಡಿಬಂದರೆ ಕರೆ ಬರುತ್ತದೆ. ಬಂದ ಕೂಡಲೇ ಹೊರಡಬೇಕು. ಎಷ್ಟು ವರ್ಷ ಆಗಬಹುದೆಂದು ಕೇಳಿದರೆ ಹೇಳಲು ಬರುವುದಿಲ್ಲ ಎನ್ನುತ್ತಾರೆ. ಫೋನು ಯಾವಾಗಲೂ ಕೈಗೆ ಸಿಗುವಂತಿರಬೇಕು ಎಂದಷ್ಟೇ ಹೇಳಿದ್ದಾರೆ. ತರಗತಿಗೆ ಫೋನು ಒಯ್ಯಬಾರದೆಂಬ ನಿಯಮ ನಮ್ಮ ಶಾಲೆಯಲ್ಲಿ ಉಂಟು. ಹೆಡ್‌ಮಿಸ್ ನನಗೆ ಮಾತ್ರ ಅನುಮತಿ ಕೊಟ್ಟಿದ್ದಾರೆ. ಅಕ್ಕ ಒಂದು ಸಲವೂ ಆ ಕರೆಯ ಬಗ್ಗೆ ಕೇಳಿಲ್ಲ. ಯಾರದೋ ಮನೆಯಲ್ಲಿ ಸಾವಾಗಲಿ ಎಂದು ಕಾಯುವುದು ತನ್ನಿಂದಾಗದು ಎಂದು ಪಟ್ಟಿಗೆ ಸಹಿ ಹಾಕುವಾಗಲೇ ಹೇಳಿದ್ದಳು. ಆದರೂ ಸಹಿ ಹಾಕಿದಳು, ನನ್ನ ಮುಖ ನೋಡಿ.

ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಸಂಧಿ ಬಿಡಿಸಿ ಹೇಳುತ್ತಿದ್ದಾಗ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಸೀಮೆಸುಣ್ಣ ಕೆಳಗೆ ಬಿತ್ತು. ವರಾಂಡಕ್ಕೆ ಓಡಿ ಫೋನು ಕಿವಿಗಿಟ್ಟರೆ, ಬಹಳ ವಿನಯದ ದನಿಯ ಹುಡುಗಿಯೊಬ್ಬಳು ಯಾವುದೋ ಬ್ಯಾಂಕಿನ ಕ್ರೆಡಿಟ್ ಕಾರ್ಡಿನ ವಿಷಯ ಹೇಳತೊಡಗಿದಳು. ನಾನು ಅವಳನ್ನು ತಡೆಯಲಿಲ್ಲ. ಅವಳು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡೆ. ಬೇಡ ಎಂದು ಹೇಳಿ ಒಳಗೆ ಬಂದಾಗ ಮಕ್ಕಳು ಒಂದಿಷ್ಟೂ ಗಲಾಟೆ ಮಾಡದೆ ಕೂತಿದ್ದರು. ಮುಂದಿನ ಬೆಂಚಿನ ಹುಡುಗಿ ಸೀಮೆಸುಣ್ಣವನ್ನು ಎತ್ತಿ ಮೇಜಿನ ಮೇಲೆ ಇಟ್ಟಿದ್ದಳು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಿದೆ. ಅವರು ಹೇಳಿದರು.