ಹೊಳೆ ದಾಟದ ಬಂದೂಕು

ಸೈನ್ಯದಿಂದ ನಿವೃತ್ತನಾದ ಮೇಲೆ ಇಂಡಿ ಪಟ್ಟಣದ ಬ್ಯಾಂಕೊಂದರಲ್ಲಿ ನನಗೆ ಕಾವಲು ಕೆಲಸ ಸಿಕ್ಕಿದ್ದೇ ಸ್ವಂತ ಬಂದೂಕು ಇದ್ದುದರಿಂದ. ತೊಂಬತ್ತರ ದಶಕದ ಒಂದು ಬೆಳಿಗ್ಗೆ ಒರೆಸುವಾಗ ಗುಂಡು ಸಿಡಿಸುವ ಅದರ ಕುದುರೆ ಮುರಿಯಿತು.

"ಸೋಮವಾರದೊಳಗ ರಿಪೇರಿ ಮಾಡಿಸ್ರಿ, ಇಲ್ಲಂದ್ರ ಬ್ಯಾರೆಯವರನ್ನ ಇಟ್ಕೋತೇವಿ" ಎಂದರು ಮ್ಯಾನೇಜರ್.

ನನಗೆ ಗೊತ್ತಿದ್ದ ರಿಪೇರಿಯವನು ಭೀಮಾ ಹೊಳೆಯಾಚೆ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿದ್ದ. ನನ್ನ ಲೈಸೆನ್ಸು ಕರ್ನಾಟಕಕ್ಕೆ ಮಾತ್ರ. ಬಂದೂಕು ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಹೋಗಿ, ಇಂಡಿಗೆ ಬರುವಂತೆ ಬೇಡಿಕೊಂಡೆ.

"ನನ್ನ ಲೈಸೆನ್ಸ್ ಈ ಅಂಗಡಿಗಷ್ಟ ಐತ್ರಿ, ಹವಾಲ್ದಾರ್ರ. ನಡುನೀರಾಗ ಕುಂತು ರಿಪೇರಿ ಮಾಡೂಣೇನು?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಮನೆಯ ಒಲೆ ಉರಿಯುತ್ತಿದ್ದುದು ಆ ಕೆಲಸದಿಂದ.

ಸೋಮವಾರ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಎಂದಿನಂತೆ ಬಾಗಿಲು ತೆರೆಯುವ ಮೊದಲೇ ಹೋದೆ. ನನ್ನ ಸ್ಟೂಲಿನ ಮೇಲೆ ಬೇರೊಬ್ಬ ಕುಳಿತಿದ್ದ. ಅವನ ಬಂದೂಕಿನ ನಳಿಗೆ ಬಾಗಿಲ ಮುಂದೆ ಕಾಯುತ್ತಿದ್ದ ಜನರ ಕಡೆ ತಿರುಗಿತ್ತು. ಅದನ್ನು ಮೇಲಕ್ಕೆ ಮಾಡಲು ಹೇಳಿ, ಮನೆಗೆ ನಡೆದೆ.