ನೀಲಕಂಠಸ್ವಾಮಿಯವರ ಏರಿಯಲ್

ಗುಂಡ್ಲುಪೇಟೆಯ ಜವಳಿ ವ್ಯಾಪಾರಿ ನೀಲಕಂಠಸ್ವಾಮಿಯವರು ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ರೇಡಿಯೊ ಕೊಂಡ ಮೇಲೆ ಅಂಗಡಿಯಲ್ಲಿ ಕೂತದ್ದಕ್ಕಿಂತ ಮನೆಯ ಮಾಳಿಗೆಯ ಮೇಲೆ ನಿಂತದ್ದೇ ಹೆಚ್ಚು. "ಮೈಸೂರು ಸ್ಟೇಷನ್ನು ಸರಿಯಾಗೇ ಕಳಿಸ್ತದೆ, ನಮ್ ಏರಿಯಲ್‌ಗೆ ಈಸ್ಕೊಳಕ್ಕೆ ಬರಾಕಿಲ್ಲ ಕಣ್ಲಾ" ಎಂಬುದು ಅವರ ಸಿದ್ಧಾಂತ. ಹತ್ತಿರದ ಮದ್ದೂರು ಕಾಡಿನ ಕಡೆಯಿಂದ ಎರಡು ಬಿದಿರು ತರಿಸಿ ನೆಟ್ಟು, ನಡುವೆ ಏರಿಯಲ್ ಎಂದು ತಾಮ್ರದ ತಂತಿ ಬಿಗಿದು, ಅದರ ಎಳೆಯನ್ನು ಕೆಳಗಿನ ರೇಡಿಯೊಗೆ ಇಳಿಬಿಟ್ಟರು. ಕುಳ್ಳಾಯಿತೆಂದು ಬಿದಿರಿಗೆ ಬಿದಿರು ಕಟ್ಟಿದರು. ತಂತಿಯ ಮೇಲೆ ಕಾಗೆ ಕೂತರೆ, ವಾರ್ತೆಯೆಲ್ಲ ಅದರ ಹೊಟ್ಟೆಗೇ ಹೋಯಿತೆಂದು ಕವಣೆ ಬೀಸುವರು. ಬೀಗರು ಬಂದರೆ ಕುಶಲ ಕೇಳುವ ಮೊದಲು ತಂತಿಯ ಒಂದು ತುದಿಯನ್ನು ಅವರ ಕೈಗೆ ಕೊಡುವರು. ಇಷ್ಟಾದರೂ ಪೆಟ್ಟಿಗೆಯಿಂದ ಬರುತ್ತಿದ್ದುದು ಒಗ್ಗರಣೆಯ ಚಟಪಟ ಸದ್ದೇ. ಮೈಸೂರಿಗೆ ಕೊಟ್ಟಿದ್ದ ಮಗಳು ದಾಕ್ಷಾಯಿಣಿ ರೇಡಿಯೊದಲ್ಲಿ ವಚನ ಹಾಡಿದ ಸಂಜೆಯೂ ಅದೇ ಸದ್ದು. ಸ್ವಾಮಿಯವರು ಮಾಳಿಗೆ ಹತ್ತಿ ತಂತಿಯನ್ನು ಹಿಡಿದೊಡನೆ ಕೆಳಗೆ ಮಗಳ ದನಿ ತಿಳಿಯಾಗಿ ಬಂತು, ಕೈಬಿಟ್ಟರೆ ಹೋಯಿತು. "ಬುಡಬ್ಯಾಡಿ, ಅಂಗೇ ಇಡ್ಕಳಿ!" ಎಂದು ಹೆಂಡತಿ ಚಿಕ್ಕಮಲ್ಲಮ್ಮ ಕೂಗಿದರು. ಸ್ವಾಮಿಯವರು ಕದಲದೆ ನಿಂತರು. ಮಾಳಿಗೆಯ ಮೇಲಕ್ಕೆ ಹಾಡಿನ ಒಂದಕ್ಷರವೂ ಕೇಳುತ್ತಿರಲಿಲ್ಲ. "ಏನ್ ಹಾಡ್ತಾವ್ಳೆ ಹೇಳಮ್ಮಿ" ಎಂದರು. ಜನ್ಮದಲ್ಲಿ ಯಾರೆದುರೂ ಹಾಡದ ಚಿಕ್ಕಮಲ್ಲಮ್ಮ ಅಂಗಳಕ್ಕೆ ಬಂದು, ಮಾಳಿಗೆಯತ್ತ ಮುಖವೆತ್ತಿ, ಮಗಳು ಹಾಡಿದ ಒಂದೊಂದು ಸಾಲನ್ನೂ ತಾವೇ ಹಾಡತೊಡಗಿದರು.